ಒಲೆಗಿಡದೆ ಮಾಡುವ ಆಟದ ಹಿಟ್ಟು

ಚಪಾತಿ ಹಿಟ್ಟು ಕಲಸಲು ಬರುವವರಿಗೆ ಮಕ್ಕಳ ಆಟದ ಹಿಟ್ಟು ಮಾಡುವ ವಿದ್ಯೆ ಮುಕ್ಕಾಲು ಪಾಲು ಬಂದಂತೆಯೇ. ಉಳಿದ ಕಾಲು ಪಾಲಿಗಾಗಿ ಈ ಬರಹ. ಅಂಗನವಾಡಿಗೆ ಹೊಸದಾಗಿ ಸೇರಿದವರನ್ನೂ, ಮನೆಯಲ್ಲಿ ಮೂರು ನಾಲ್ಕು ವರ್ಷದ ಮಗು ಇರುವ ತಂದೆತಾಯಿಯರನ್ನೂ ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದೇನೆ ಎಂದುಕೊಳ್ಳಿ. ಚಪಾತಿ ಮಾಡಿ ಅಭ್ಯಾಸವಿಲ್ಲದವರೂ ಹೆದರಬೇಕಿಲ್ಲ. ಇಲ್ಲಿ ಏನೂ ಉಬ್ಬಬೇಕಿಲ್ಲ, ಏನೂ ಬೇಯಬೇಕಿಲ್ಲ.

ಚಪಾತಿ ಲಟ್ಟಿಸುವಾಗ ಪಕ್ಕದಲ್ಲಿ ಕೂತ ಮಗುವಿನ ಕೈಗೆ ಒಂದು ಉಂಡೆ ಕೊಟ್ಟು ಸುಮ್ಮನಿರಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆದರೆ ಆ ಉಂಡೆ ಸ್ವಲ್ಪ ಹೊತ್ತಿಗೇ ಒಣಗಿ ಬಿರಿಯುತ್ತದೆ, ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ. ಇನ್ನೊಂದು ತೊಡಕೂ ಇದೆ: ಎಳೆದರೆ ಮತ್ತೆ ಕುಗ್ಗುತ್ತದೆ. ಮಗು ಹಾವು ಮಾಡಿದರೆ ಅದು ನೋಡನೋಡುತ್ತಲೇ ಗಿಡ್ಡವಾಗುತ್ತದೆ. ಆಟದ ಹಿಟ್ಟಿನ ಗುಣ ಬೇರೆ. ಮಗು ಹೇಗೆ ಬಿಟ್ಟಿತೋ ಹಾಗೇ ಇರಬೇಕು, ನಾಳೆಯೂ ಮೆತ್ತಗಿರಬೇಕು, ಕೈಗೆ ಅಂಟಬಾರದು. ಈ ಮೂರನ್ನೂ ತಂದುಕೊಡುವುದು ಉಪ್ಪು, ಎಣ್ಣೆ, ಹುಳಿ.

ಒಂದೇ ಲೋಟ ಇಟ್ಟುಕೊಂಡು ಎಲ್ಲವನ್ನೂ ಅದರಲ್ಲೇ ಅಳೆಯಿರಿ. ಎರಡು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಎರಡು ದೊಡ್ಡ ಚಮಚ ಅಡುಗೆ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ. ನೀರು ಮುಕ್ಕಾಲು ಲೋಟದ ಆಸುಪಾಸು. ವಿದೇಶದ ಪಾಕಗಳಲ್ಲಿ ನಿಂಬೆರಸದ ಜಾಗಕ್ಕೆ ‘ಕ್ರೀಮ್ ಆಫ್ ಟಾರ್ಟರ್’ ಎಂದಿರುತ್ತದೆ. ಅದೂ ಒಂದು ಹುಳಿ ಪುಡಿಯೇ. ಕೇಕ್ ಸಾಮಾನಿನ ಅಂಗಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಿಂಬೆಹಣ್ಣು ಸಾಕು. ಕಲ್ಲುಪ್ಪು ಮಾತ್ರ ಬೇಡ. ಅದರ ಹರಳು ಕರಗದೆ ಉಳಿದು ಎಳೆಯ ಬೆರಳಿಗೆ ಚುಚ್ಚುತ್ತದೆ. ಮನೆಯಲ್ಲಿ ಅದೊಂದೇ ಇದ್ದರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ.

ಅಗಲವಾದ ಬೋಗುಣಿಯಲ್ಲಿ ಮೈದಾ ಮತ್ತು ಉಪ್ಪನ್ನು ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ಎಣ್ಣೆ ಹಾಕಿ, ಹಿಟ್ಟಿಗೆಲ್ಲ ತಾಗುವಂತೆ ಬೆರಳ ತುದಿಯಿಂದ ಉಜ್ಜಿ. ಅನಂತರ ನಿಂಬೆರಸ, ಅನಂತರ ನೀರು. ಬಣ್ಣ ಹಾಕುವುದಿದ್ದರೆ ನೀರಿಗೇ ಕಲಸಿಬಿಡಿ. ಆಮೇಲೆ ಹಾಕಿದರೆ ಗೆರೆಗೆರೆಯಾಗಿ ಉಳಿಯುತ್ತದೆ. ಹೊಸಬರು ಅವಸರ ಪಡುವುದು ಈ ನೀರಿನ ಹಂತದಲ್ಲೇ. ಮೊದಲು ಅರ್ಧ ಲೋಟ ಮಾತ್ರ ಹಾಕಿ ಕಲಸಿ. ಹಿಟ್ಟು ಪುಡಿಪುಡಿಯಾಗಿ, ಸೇರದೆ, ‘ಇದು ಆಗುವ ಕೆಲಸವಲ್ಲ’ ಎನ್ನಿಸುವಂತೆ ಇರುತ್ತದೆ. ಆಗ ಬಗ್ಗಿಸಿ ಸುರಿಯಬೇಡಿ. ಒಂದೊಂದೇ ಚಮಚ ಹಾಕುತ್ತಾ ನಾದಿ. ಉಪ್ಪು ಕರಗುತ್ತಾ ಬಂದಂತೆ ಹಿಟ್ಟು ತಾನಾಗಿಯೇ ಇನ್ನಷ್ಟು ತೇವವಾಗುತ್ತದೆ. ಈಗ ಗಟ್ಟಿ ಎನಿಸಿದ್ದು ಐದು ನಿಮಿಷಕ್ಕೆ ಸರಿಯಾಗಿರುತ್ತದೆ. ಹಾಗಾಗಿ ಚಪಾತಿ ಹಿಟ್ಟಿಗಿಂತ ತುಸು ಬಿಗಿಯಾಗಿದ್ದಾಗಲೇ ನೀರು ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನಾದಿ. ಹಿಚುಕಿದರೆ ಕಿವಿಯ ಹಾಲೆಯಷ್ಟು ಮೆತ್ತಗಿದ್ದು, ಅಂಗೈಯಲ್ಲಿ ಏನೂ ಉಳಿಯದಿದ್ದರೆ ಹದ ಬಂದಿದೆ.

ಕೈಗೆ ಅಂಟುತ್ತಿದ್ದರೆ ಒಂದು ಚಮಚ ಮೈದಾ. ಬಿರಿಯುತ್ತಿದ್ದರೆ ಕೈ ಒದ್ದೆ ಮಾಡಿಕೊಂಡು ನಾದುವುದು. ರಬ್ಬರಿನ ಹಾಗೆ ಎಳೆದು ಕುಗ್ಗುತ್ತಿದ್ದರೆ ಎರಡು ಮೂರು ಚಮಚ ಕಾರ್ನ್‌ಫ್ಲೋರ್ ಅಥವಾ ಅಕ್ಕಿಹಿಟ್ಟು ಸೇರಿಸಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ನಾದಿದಷ್ಟೂ ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಂದಕ್ಕೆ ಎಳೆಯುತ್ತದೆ. ಅಕ್ಕಿಯಲ್ಲೂ ಮೆಕ್ಕೆಜೋಳದಲ್ಲೂ ಅದಿಲ್ಲ. ಬೆರೆಸಿದರೆ ಬಲೆ ಸಡಿಲವಾಗುತ್ತದೆ. ಹೆಚ್ಚಿನ ಉಪ್ಪೂ ಇದೇ ಕೆಲಸ ಮಾಡುತ್ತದೆ: ಗ್ಲುಟೆನ್ನಿಗೆ ಬೇಕಾದ ನೀರನ್ನು ತಾನು ಹಿಡಿದಿಟ್ಟುಕೊಂಡು ಹೆಣಿಗೆಯನ್ನು ನಿಧಾನಿಸುತ್ತದೆ. ಹುಳಿ ಹಿಡಿಸುವ, ಬೂಸು ಬರಿಸುವ ಜೀವಾಣುಗಳಿಗೂ ನೀರು ಸಿಗದಂತೆ ಮಾಡುತ್ತದೆ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಲ್ಲಿ ಸಿಗುವ ‘ಪ್ಲೇ ಡೋ’ ಕೂಡ ಮೂಲದಲ್ಲಿ ಹಿಟ್ಟು, ನೀರು, ಉಪ್ಪೇ. ಅದು ಹುಟ್ಟಿದ್ದು ಆಟಿಕೆಯಾಗಿ ಅಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಕುಟಾಲ್ ಎಂಬ ಕಂಪನಿ 1930ರ ದಶಕದಲ್ಲಿ ಗೋಡೆಗೆ ಅಂಟಿಸುವ ಕಾಗದದ ಮೇಲಿನ ಮಸಿ ಒರೆಸಲು ಇಂಥ ಹಿಟ್ಟು ಮಾಡಿ ಮಾರುತ್ತಿತ್ತು. ಕಲ್ಲಿದ್ದಲು ಉರಿಸಿ ಮನೆ ಬೆಚ್ಚಗಿಡುವ ಕಾಲ ಮುಗಿದು ಗ್ಯಾಸ್ ಬಂದಾಗ ಮಸಿಯೂ ಹೋಯಿತು, ವ್ಯಾಪಾರವೂ ಹೋಗುವುದರಲ್ಲಿತ್ತು. ಕಂಪನಿ ನಡೆಸುತ್ತಿದ್ದ ಮನೆತನದ ಸಂಬಂಧಿ ಕೇ ಜುಫಾಲ್ ಪುಟ್ಟ ಮಕ್ಕಳ ಶಾಲೆಯ ಶಿಕ್ಷಕಿ. ಅವರು ಆ ಹಿಟ್ಟನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಿಂದ ಅದು ಆಟಿಕೆಯಾಗಿ ಮಾರಾಟವಾಯಿತು. ಅದಕ್ಕೂ ಮುಂಚೆ, 1897ರಲ್ಲಿ, ಇಂಗ್ಲೆಂಡಿನ ಬಾತ್ ಊರಿನ ಕಲಾಶಿಕ್ಷಕ ವಿಲಿಯಂ ಹಾರ್ಬಟ್ ಒಣಗದ ಜೇಡಿಯಾಗಿ ಪ್ಲಾಸ್ಟಿಸಿನ್ ರೂಪಿಸಿದ್ದ. ಎರಡರ ಹಿಂದೆಯೂ ಮೇಷ್ಟ್ರುಗಳಿದ್ದಾರೆ ಎಂಬುದು ನನಗೆ ಸ್ವಲ್ಪ ಹೆಮ್ಮೆಯ ವಿಷಯ, ಅಷ್ಟೇ.

ಅಳತೆಯನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮ ನಾಡಿನ ಹವೆ ಊರಿಂದೂರಿಗೆ ಬೇರೆ. ಉಪ್ಪಿಗೆ ಗಾಳಿಯ ತೇವ ಹೀರುವ ಗುಣವಿದೆ. ಮಳೆಗಾಲದಲ್ಲಿ ಮಂಗಳೂರು, ಕಾರವಾರ, ಆಗುಂಬೆಯ ಕಡೆ ಉಪ್ಪಿನ ಡಬ್ಬಿ ಹೇಗೆ ನೀರೂರುತ್ತದೋ ಈ ಹಿಟ್ಟೂ ಹಾಗೇ ಬೆವರುತ್ತದೆ. ಅಲ್ಲಿಯವರು ನೀರು ಎರಡು ಚಮಚ ಕಡಿಮೆ ಮಾಡಿ, ಪಕ್ಕದಲ್ಲಿ ಒಣ ಮೈದಾ ಇಟ್ಟುಕೊಂಡಿರಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಮಕ್ಕಳು ಆಡುತ್ತಿರುವಾಗಲೇ ಮೇಲ್ಮೈ ಒಣಗುತ್ತದೆ. ಅರ್ಧ ಚಮಚ ಎಣ್ಣೆ ಹೆಚ್ಚು ಹಾಕಿ, ಆಡದ ಉಂಡೆಗಳನ್ನು ಒದ್ದೆ ಬಟ್ಟೆಯಡಿ ಇಡಿ.

ಗೋಧಿ ಒಗ್ಗದ ಮಕ್ಕಳಿರುತ್ತಾರೆ. ತರಗತಿಯಲ್ಲಿ ಮಾಡುವ ಮುಂಚೆ ಪೋಷಕರನ್ನು ಕೇಳಿಯೇ ಮುಂದುವರಿಯಿರಿ. ಅಂಥ ಮಕ್ಕಳಿಗೆ ಅಕ್ಕಿಹಿಟ್ಟಿನಲ್ಲಿ ಮಾಡಬಹುದು, ಆದರೆ ತಣ್ಣೀರಿಗೆ ಅದು ಒಗ್ಗೂಡುವುದಿಲ್ಲ. ಜೋಳದ ರೊಟ್ಟಿ ಬಡಿಯುವವರು ಮೊದಲು ಎಸರು ಹೊಯ್ಯುವುದು ಏಕೆಂದು ನೆನಪಿಸಿಕೊಳ್ಳಿ: ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಜಿಗುಟಾಗುತ್ತದೆ, ಆ ಜಿಗುಟೇ ಹಿಟ್ಟನ್ನು ಹಿಡಿದಿಡುತ್ತದೆ. ಇಲ್ಲೂ ಅದೇ ಉಪಾಯ. ಕಾಯಿಸಿದ ನೀರು ಹಾಕಿ ಚಮಚದಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ನಾದಿ. ಮೈದಾಕ್ಕೂ ಬಿಸಿನೀರು ಹಾಕಿದರೆ ಹಿಟ್ಟು ಇನ್ನೂ ನಯವಾಗುತ್ತದೆ ಎಂಬುದು ನಿಜ. ಆದರೆ ಮಕ್ಕಳನ್ನು ಜೊತೆಗಿಟ್ಟುಕೊಂಡು ಕಲಸುವ ಖುಷಿ ಬೇಕಿದ್ದರೆ ತಣ್ಣೀರೇ ಮೇಲು. ಬಿಸಿನೀರಿನ ಪಾತ್ರೆ ಇರುವ ಕಡೆ ಮಗು ಇರಕೂಡದು.

ಬಣ್ಣದ ವಿಷಯ. ಅಡುಗೆಗೆ ಬಳಸುವ ಫುಡ್ ಕಲರ್ ಕೆಲವು ಹನಿ ಸಾಕು. ರಂಗೋಲಿ ಪುಡಿ, ಹೋಳಿಯ ಬಣ್ಣ, ಅಂಗಡಿಯ ಕುಂಕುಮ ಇವು ಮೂರೂ ಬೇಡ; ಅವುಗಳಲ್ಲಿ ಏನು ಬೆರೆತಿದೆಯೋ ನಮಗೆ ತಿಳಿಯದು, ಮಗುವಿನ ಕೈ ಬಾಯಿಗೆ ಹೋಗುವುದು ಮಾತ್ರ ಖಂಡಿತ. ಅಡುಗೆಮನೆಯ ಬಣ್ಣಗಳೇ ನನಗೆ ಹೆಚ್ಚು ಇಷ್ಟ. ಬೀಟ್‌ರೂಟ್ ತುರಿದು ಹಿಂಡಿದ ರಸವನ್ನು ನೀರಿನ ಬದಲು ಹಾಕಿ. ನಿಂಬೆಯ ಹುಳಿ ಅದರ ಕೆಂಪನ್ನು ಕಾಪಾಡುತ್ತದೆ. ಪಾಲಕ್ ರಸಕ್ಕೆ ನಿಂಬೆ ಹಾಕಿದಿರೋ, ಹಸಿರು ಮಂಕಾಗಿ ಕಂದು ತಿರುಗುತ್ತದೆ, ಆದ್ದರಿಂದ ಹಸಿರು ಉಂಡೆಗೆ ಹುಳಿ ಬೇಡ. ಅರಿಶಿನದ ಹಳದಿ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡದು. ತೊಳೆದು ಬಿಸಿಲಿಗೆ ಹಾಕಿ, ಬಿಸಿಲಲ್ಲಿ ಮಾಸುತ್ತದೆ. ದೊಡ್ಡ ಮಕ್ಕಳಿದ್ದರೆ ಒಂದು ಆಟ ತೋರಿಸಿ. ನಿಂಬೆ ಹಾಕದ ಅರಿಶಿನದ ಉಂಡೆಗೆ ಅಡುಗೆ ಸೋಡಾ ಸೇರಿಸಿ ನಾದಿದರೆ ಹಳದಿ ಕೆಂಪಿನತ್ತ ಹೊರಳುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆತು ಆರತಿಯ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ. ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ.

ಮನೆಯಲ್ಲಿ ಮಾಡಿದ್ದು, ಎಲ್ಲ ಅಡುಗೆ ಸಾಮಾನು, ಆದ್ದರಿಂದ ತಿಂದರೂ ಏನಾಗದು ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ನೆಕ್ಕಿ ನೋಡಿ ಮುಖ ಕಿವುಚಿದರೆ ಏನೂ ಆಗದು. ಉಂಡೆಯನ್ನೇ ನುಂಗಿದರೆ ಅದರಲ್ಲಿರುವ ಉಪ್ಪು ಪುಟ್ಟ ದೇಹಕ್ಕೆ ಅಪಾಯ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳೂ ಇರಬಹುದು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ, ಎರಡು ವರ್ಷದೊಳಗಿನ ಮಗುವಿಗೆ ಇದು ಬೇಡ. ಮೂರರವರೆಗೆ ದೊಡ್ಡವರು ಪಕ್ಕದಲ್ಲೇ ಕೂತಿರಲಿ. ಆಟ ಮುಗಿದ ಮೇಲೆ ಕೈ ಸೋಪಿನಿಂದ ತೊಳೆಸಿ. ಬೆರಳಿಗೆ ಗಾಯವಾಗಿದ್ದರೆ ಉಪ್ಪು ಉರಿಯುತ್ತದೆ, ಅವತ್ತು ಬೇರೆ ಆಟ ಆಗಲಿ. ಹುಣಸೆ ಬೀಜ, ಕಡಲೆ, ಮಣಿಗಳನ್ನು ಕಣ್ಣು ಮೂಗು ಮಾಡಲು ಪುಟ್ಟವರಿಗೆ ಕೊಡಬೇಡಿ. ಗೊಂಬೆಯ ಮೂಗಿಗೆ ಹೋಗಬೇಕಾದದ್ದು ಮಗುವಿನ ಮೂಗಿಗೇ ಹೋಗಿರುತ್ತದೆ.

ಇನ್ನು ಆಟ. ಇಲ್ಲಿ ದೊಡ್ಡವರ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾವು ಚಂದದ ಆನೆ ಮಾಡಿ ಮುಂದಿಟ್ಟರೆ ಮಗು ತನ್ನ ಉಂಡೆಯನ್ನು ನಮ್ಮತ್ತ ತಳ್ಳಿ ‘ನೀವೇ ಮಾಡಿ’ ಎನ್ನುತ್ತದೆ. ಅಲ್ಲಿಗೆ ಅದರ ಕೈ ನಿಂತಿತು. ಉಂಡೆ ಕಟ್ಟುವುದು, ಹೊಸೆಯುವುದು, ಚಿವುಟುವುದು, ತಟ್ಟುವುದು — ಪೆನ್ಸಿಲ್ ಹಿಡಿಯುವ ಮೊದಲು ಬೆರಳಿಗೆ ಬರಬೇಕಾದ ಬಲ ಇದರಲ್ಲೇ ಬರುತ್ತದೆ. ಸಾಮಾನೂ ಹೆಚ್ಚು ಬೇಡ. ಒಂದು ಹಳೆಯ ಬಾಚಣಿಗೆ, ಬಾಟಲಿ ಮುಚ್ಚಳ, ಸ್ಟೀಲ್ ಲೋಟ. ದಾಸವಾಳದ್ದೋ ಹಲಸಿನದೋ ಎಲೆಯ ಹಿಂಬದಿಯನ್ನು ಒತ್ತಿ ತೆಗೆದರೆ ನರನರವೂ ಅಚ್ಚಾಗುತ್ತದೆ. ಹಿತ್ತಾಳೆಯ ಚಕ್ಕುಲಿ ಒರಳನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಉಪ್ಪು ಲೋಹವನ್ನು ತಿನ್ನುತ್ತದೆ, ಕೊಟ್ಟರೆ ಕೂಡಲೇ ತೊಳೆದು ಒರೆಸಿಡಿ.

ಅಕ್ಷರ ಕಲಿಯುವ ವಯಸ್ಸಿನವರಿಗೆ ಈ ಹಿಟ್ಟು ಕನ್ನಡದಲ್ಲಿ ವಿಶೇಷವಾಗಿ ಒದಗುತ್ತದೆ. ಕಡ್ಡಿ ಜೋಡಿಸಿ ಇಂಗ್ಲಿಷಿನ ಎ, ಎಚ್, ಟಿ ಮಾಡಬಹುದು. ನಮ್ಮ ದುಂಡಕ್ಷರಕ್ಕೆ ಕಡ್ಡಿ ಬಗ್ಗುವುದಿಲ್ಲ, ಹೊಸೆದ ಹಿಟ್ಟು ಬಗ್ಗುತ್ತದೆ. ಸರ್ಕಾರಿ ಶಾಲೆಗಳ ನಲಿ–ಕಲಿ ತರಗತಿಯಲ್ಲಿ ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂದು ಶುರು ಮಾಡುತ್ತಾರಲ್ಲ, ಅದೇ ಕ್ರಮ ಹಿಟ್ಟಿಗೂ ಸರಿ. ಸ್ಲೇಟಿನ ಮೇಲೆ ದೊಡ್ಡದಾಗಿ ‘ರ’ ಬರೆದು, ಅದರ ಮೇಲೆ ಹಿಟ್ಟಿನ ಎಳೆ ಇಡಲು ಹೇಳಿ. ಎಲ್ಲಿಂದ ಹೊರಟು ಎಲ್ಲಿಗೆ ತಿರುಗಬೇಕು ಎಂಬುದನ್ನು ಬೆರಳು ಕಲಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ಕಾಪಿಡುವ ಗೊಂಬೆಗೆ ತಕ್ಕ ವಸ್ತುವಲ್ಲ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಜೋಡೆತ್ತುಗಳಂತೆ ಇದರಲ್ಲಿ ಕಾಲೂರಿ ನಿಲ್ಲುವ ಎತ್ತು ಮಾಡಲು ಹೋದರೆ ಕಾಲು ಕುಸಿಯುತ್ತದೆ, ದಪ್ಪ ಮೈ ಒಣಗುವಾಗ ಬಿರುಕು ಬಿಡುತ್ತದೆ. ಅದಕ್ಕೆ ಮಣ್ಣೇ ಆಗಬೇಕು. ಹಿಟ್ಟನ್ನು ಮುರಿದು ಮತ್ತೆ ಉಂಡೆ ಕಟ್ಟುವುದೇ ಇದರ ಆಟ.

ಉಣ್ಣುವ ಹಿಟ್ಟಿನಲ್ಲಿ ಆಟವೇ ಎಂದು ಮನೆಯ ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತಾರೀಖು ಮೀರಿ ಅಡುಗೆಗೆ ಬೇಡವಾದ ಮೈದಾ ಇದ್ದರೆ, ಮುಗ್ಗಲು ವಾಸನೆ ಇಲ್ಲದಿದ್ದರೆ, ಜರಡಿ ಹಿಡಿದು ಅದನ್ನೇ ಬಳಸಿ. ನಾಲ್ಕು ಮಕ್ಕಳಿಗೆ ಎರಡು ಲೋಟದ ಹಿಟ್ಟು ಧಾರಾಳ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಆಡಬಹುದು; ಹೊರಗಿಟ್ಟರೆ, ಅದೂ ಮಳೆಗಾಲದಲ್ಲಿ, ಪ್ರತಿದಿನ ಮೂಸಿ ನೋಡಿ. ಬೂಸು ಕಂಡರೆ ಅಷ್ಟು ಭಾಗ ಕಿತ್ತು ಉಳಿಸುವ ಜಿಪುಣತನ ಬೇಡ, ಪೂರ್ತಿ ಎಸೆಯಿರಿ.

ಎಸೆಯುವುದರಲ್ಲೂ ಎಚ್ಚರ ಬೇಕು. ಮಿಕ್ಕ ಹಿಟ್ಟನ್ನು ಹಸುವಿಗೋ ಬೀದಿನಾಯಿಗೋ ಹಾಕುವುದು ನಮ್ಮ ರೂಢಿ, ಇದನ್ನು ಹಾಕಬೇಡಿ. ಇಷ್ಟು ಉಪ್ಪು ನಾಯಿಯ ಪ್ರಾಣಕ್ಕೇ ಸಂಚಕಾರ. ಹೂಕುಂಡದ ಮಣ್ಣಿಗೆ ಸೇರಿಸಿದರೆ ಗಿಡ ಸೊರಗುತ್ತದೆ, ಸಿಂಕಿಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಪೇಪರಿನಲ್ಲಿ ಸುತ್ತಿ, ಮುಚ್ಚಳವಿರುವ ಕಸದ ಬುಟ್ಟಿಗೆ ಹಾಕಿ.