ತಿಥಿಗೆ ಬಂದವರನ್ನು ಮಾತಾಡಿಸು

ಮಗಾ, ಅಪ್ಪನ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದೆ. ಊರ ಮುಂದೆ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿಸಿದೆ. ಮಗನಾದವನು ಮಾಡಬೇಕಾದ್ದರಲ್ಲಿ ಏನೂ ಕಮ್ಮಿ ಮಾಡಿಲ್ಲ. ಇನ್ನೊಂದು ಕೆಲಸ ಉಳಿದಿದೆ: ಅವನ ಬದುಕನ್ನು ಬರೆದಿಡು.

‘ಬರೆಯೋಕೆ ಅಪ್ಪ ಅಂಥಾದ್ದೇನು ಮಾಡಿದ್ರು?’ ಅನ್ನಬೇಡ. ಮನೆಗೇ ಜೀವ ತೇದವನ ಹೆಸರಲ್ಲಿ ಸನ್ಮಾನಪತ್ರ ಇರೋದಿಲ್ಲ, ಊರಲ್ಲಿ ಕಲ್ಲು ನೆಟ್ಟಿರೋದಿಲ್ಲ. ಅವನನ್ನು ಕಂಡವರು ಒಬ್ಬೊಬ್ಬರೇ ಹೋದ ಹಾಗೆ ಅವನೂ ಅಳಿಸಿಹೋಗುತ್ತಾನೆ.

ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯನ್ನು ನೆನೆಸಿಕೋ. 1915ರಲ್ಲಿ ಅಲ್ಲಿ ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತಿಕೆ ಮಾಡಿ ದೊಡ್ಡ ಸಂಸಾರ ಸಾಕಿದವರು. 1936ರಲ್ಲಿ ತಿಪಟೂರಿನ ವೆಂಕಮ್ಮನವರ ಕೈಹಿಡಿದರು, 1942ರಲ್ಲಿ ‘ಮೈಸೂರ ಮಲ್ಲಿಗೆ’ ಕವನ ಸಂಕಲನ ಬಂತು. ಅದರಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ತವರಿಗೆ ಹೋದ ಹೆಂಡತಿ, ಮಾವನ ಮನೆಗೆ ಬಂದ ಅಳಿಯ, ಸುದ್ದಿ ಹೊತ್ತು ತಿರುಗುವ ಬಳೆಗಾರ. ಎಂಬತ್ತು ವರ್ಷದಿಂದ ಕನ್ನಡ ನಾಡು ಇಷ್ಟನ್ನೇ ಬಾಯ್ತುಂಬ ಹಾಡಿಕೊಂಡು ಬಂದಿದೆ. ಸಂಸಾರಸ್ಥನ ದಿನಗಳಿಗೆ ಅಷ್ಟು ಬೆಲೆಯಿದೆ ಕಣಪ್ಪ. ಆದರೆ ಹೆಚ್ಚಿನವರು ಆ ಹೊಸ ಮದುವೆಯ ಸಡಗರದಲ್ಲೇ ನಿಂತುಬಿಡುತ್ತಾರೆ, ಅದು ನನಗೆ ಬೇಜಾರು. ಆಮೇಲೂ ಅವರು ಅರವತ್ತು ವರ್ಷ ಬರೆದರು. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮದುವೆಯಾದ ಮೇಲಿನ ಎಳೆದಾಟ, ಕೊರತೆ, ಮುಪ್ಪು ಎಲ್ಲ ಸೇರಿದರೇ ಒಂದು ಸಂಸಾರ. ನಿಮ್ಮಪ್ಪನ ಕಷ್ಟದ ವರ್ಷಗಳನ್ನೂ ಬಿಡಬೇಡ.

ಮೊದಲು ಅವ್ವನ ಪಕ್ಕ ಕೂತುಕೋ. ‘ಅಪ್ಪ ಎಂಥವರು?’ ಅಂದರೆ ಅವಳು ಅತ್ತುಬಿಡುತ್ತಾಳೆ, ಅಷ್ಟೇ. ನಾಲೆಗೆ ನೀರು ಬಿಟ್ಟ ರಾತ್ರಿ ಗದ್ದೆಗೆ ಯಾರ ಜೊತೆ ಹೋಗುತ್ತಿದ್ದ, ಕಬ್ಬಿನ ಬಿಲ್ಲು ಬಂದರೆ ಮೊದಲು ಯಾರ ಸಾಲ ತೀರಿಸುತ್ತಿದ್ದ, ನಿಮ್ಮಕ್ಕನ ಬಾಣಂತನಕ್ಕೆ ದುಡ್ಡು ಎಲ್ಲಿಂದ ತಂದ, ಹೀಗೆ ಕೇಳು. ಮಾತು ತಾನಾಗಿ ಬರುತ್ತದೆ. ಫೋನಲ್ಲಿ ರೆಕಾರ್ಡ್ ಮಾಡಿಕೋ, ಅವ್ವನ ದನಿಯೂ ಉಳಿಯಲಿ.

ಟ್ರಂಕಿನಲ್ಲಿ ಡೇರಿಯ ಹಾಲಿನ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡ. ಒಂದು ಮನೆಯಲ್ಲಿ ಅಂಥದ್ದನ್ನು ತೆಗೆದು ನೋಡಿದ್ದೆ. ಬೆಳಿಗ್ಗೆ ಇಷ್ಟು ಲೀಟರು, ಸಂಜೆ ಇಷ್ಟು, ಫ್ಯಾಟ್ ಇಷ್ಟು ಅಂತ ಪುಟಗಟ್ಟಲೆ ಅಂಕಿ. ಒಂದು ಕಡೆ ಹಾಲು ಇದ್ದಕ್ಕಿದ್ದ ಹಾಗೆ ಅರ್ಧಕ್ಕಿಳಿದು ತಿಂಗಳುಗಟ್ಟಲೆ ಹಾಗೇ ಇತ್ತು. ವಿಚಾರಿಸಿದರೆ, ಮಗಳ ಕಾಲೇಜು ಫೀಸಿಗೆ ಒಂದು ಹಸು ಮಾರಿದ್ದರಂತೆ. ಮಾರಿದ್ದು ಮಗಳಿಗೆ ಗೊತ್ತಿತ್ತು. ಯಾಕೆ ಅನ್ನೋದು ಆವತ್ತೇ ತಿಳಿದದ್ದು. ಪುಸ್ತಕವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

ನಿಮ್ಮಪ್ಪನ ಸಿಟ್ಟನ್ನೂ ಬರಿ. ಊಟದ ತಟ್ಟೆ ತಳ್ಳಿ ಎದ್ದು ಹೋದದ್ದು, ದಾಯಾದಿಗಳ ಹತ್ತಿರ ವರ್ಷಗಟ್ಟಲೆ ಮಾತು ಬಿಟ್ಟದ್ದು, ಆಮೇಲೆ ತಾನೇ ಹೋಗಿ ಕರೆದದ್ದು. ಅವನನ್ನು ದೇವರು ಮಾಡಿಟ್ಟರೆ ಮೊಮ್ಮಕ್ಕಳಿಗೆ ತಾತನ ಗುರುತು ಹತ್ತೋದಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅವ್ವ ಎಲೆ, ಅಡಿಕೆಯ ಜೊತೆಗೆ ಅವನ ಬೀಡಿ ಕಟ್ಟನ್ನೂ ಇಡುತ್ತಾಳೆ, ನೋಡು. ಬೀಡಿ ಕೆಟ್ಟದ್ದು ಅಂತ ಬಿಡೋದಿಲ್ಲ.

ತಿಥಿಯ ದಿನ ಪಾಂಡವಪುರದ ಕಾರ್ಖಾನೆಗೆ ಅವನ ಜೊತೆ ಕಬ್ಬಿನ ಗಾಡಿ ಹೊಡೆದವರು ಬರುತ್ತಾರೆ. ನಾಗಮಂಗಲದಿಂದ ನಿಮ್ಮ ಸೋದರತ್ತೆ ಬರುತ್ತಾಳೆ. ಬಡಿಸುವ ಕೆಲಸ ಹುಡುಗರಿಗೆ ವಹಿಸಿ, ನೀನು ನೋಟ್‌ಬುಕ್ಕು ಹಿಡಿದು ಅವರ ನಡುವೆ ಕೂರು. ಅತ್ತೆಗೆ ಈಗಲೇ ಹೆಸರುಗಳು ಮರೆಯುತ್ತಿವೆ. ಅವಳನ್ನು ಮೊದಲು ಕೇಳು.