ಉಪ್ಪುನೀರಿನ ತೊಟ್ಟಿಯ ಕೆಂಪು ಲೋಳೆ

ಹೊಸಪೇಟೆಯ ಓದುಗ ಮಹಾಶಯರೆ,

ತಮ್ಮ ಅಕ್ವೇರಿಯಮ್ಮಿನ ಮರಳಿನ ಮೇಲೆ ಹಬ್ಬಿ, ಎಳೆದರೆ ಹಾಳೆಯಂತೆ ಎದ್ದುಬರುವ ಆ ಕೆಂಪು ಲೋಳೆಯು, ಪಾಚಿಯೆಂದು ಕರೆಯಲ್ಪಡುತ್ತಿದ್ದರೂ, ವಸ್ತುತಃ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಾಣುಸಮೂಹ; ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷ ಹಸಿರುಗಟ್ಟುವುದೂ ಇದರ ಸಜಾತೀಯ ಜೀವಿಗಳಿಂದಲೇ. ಹೊಲಗಳಿಂದ ಹರಿದುಬರುವ ಗೊಬ್ಬರದ ರಂಜಕ, ಸಾರಜನಕಗಳು ಅಲ್ಲಿ ಮಾಡುವ ಕಾರ್ಯವನ್ನು ತಮ್ಮಲ್ಲಿ ಮೀನು ತಿಂದುಳಿದ ಆಹಾರವೂ ನಲ್ಲಿಯ ನೀರೂ ಮಾಡುತ್ತಿರಬೇಕು. ಆದುದರಿಂದ ಲವಣವನ್ನು ಆರ್‌ಓ ನೀರಿನಲ್ಲಿಯೇ ಕರಗಿಸಿ, ಕ್ಷಣಮಾತ್ರದಲ್ಲಿ ಮುಗಿಯುವಷ್ಟೇ ಆಹಾರವಿತ್ತು, ದೀಪವನ್ನು ದಿನಕ್ಕೆ 8 ಗಂಟೆಗಳ ಕಾಲಕ್ಕೆ ಮಿತಗೊಳಿಸಿ, ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆಯುತ್ತ, ವಾರಕ್ಕೊಮ್ಮೆ ಶೇಕಡ 10ರಷ್ಟು ನೀರನ್ನು ಬದಲಿಸತಕ್ಕದ್ದು. ನಮ್ಮ ಬೇಸಗೆಯಲ್ಲಿ ಆವಿಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು, ಉಪ್ಪು ಆವಿಯಾಗದು. ಲೋಳೆಯನ್ನು ಕೊಲ್ಲಲೆಂದು ಎರಿತ್ರೋಮೈಸಿನ್ ಔಷಧವನ್ನು ಮಾತ್ರ ದಯವಿಟ್ಟು ಸುರಿಯಬೇಡಿ: ವಿಷಕಾರಿ ಅಮೋನಿಯವನ್ನು ನೈಟ್ರೇಟ್ ಆಗಿಸಿ ಮೀನುಗಳ ಪ್ರಾಣ ಕಾಯುತ್ತಿರುವ ಬ್ಯಾಕ್ಟೀರಿಯಾಗಳೂ ಅದರಿಂದ ನಶಿಸಬಹುದು.