ಹಸಿವಿಗೆ ಮುಂಚಿನ ಸಿದ್ಧತೆ

ಮಕ್ಕಳ ಆಹಾರದ ವಿಷಯದಲ್ಲಿ ಹಿರಿಯರಾದ ನಾವು ನೀಡುವ ಉಪದೇಶವೆಲ್ಲವೂ, ಅವರು ಹಸಿದ ಹೊತ್ತಿಗೆ ಕೈಗೆಟಕುವಂತೆ ಇರಿಸಿದ ಒಂದು ಹಿಡಿ ಹುರಿದ ಶೇಂಗಾಕ್ಕೆ ಸಮನಾಗಲಾರದೆಂಬುದು, ಬಳ್ಳಿಗಾವಿಯ ನಮ್ಮ ಮನೆಯಿಂದ ಮೊಮ್ಮಕ್ಕಳನ್ನು ಶಾಲೆಗೆ ಕಳುಹಿಸುತ್ತ ನಾನು ಕಂಡುಕೊಂಡ ಸತ್ಯ.

ಮಧ್ಯಾಹ್ನ ಬಿಸಿಯೂಟ ಉಂಡ ಮಕ್ಕಳು ಮನೆಗೆ ಮರಳುವ ವೇಳೆಗೆ ನಾಲ್ಕೂವರೆ ದಾಟಿರುತ್ತದೆ. ರಾತ್ರಿಯ ಊಟಕ್ಕೆ ಇನ್ನೂ ಮೂರು ನಾಲ್ಕು ಗಂಟೆಗಳುಂಟು. ಈ ನಡುವೆ ಅವರನ್ನು ಕಾಡುವ ಹಸಿವು ಚಾಪಲ್ಯವಲ್ಲ, ಬೆಳೆಯುವ ದೇಹದ ನ್ಯಾಯವಾದ ಬೇಡಿಕೆ. ಆ ಹೊತ್ತಿನಲ್ಲಿ ಅಡುಗೆಮನೆಯ ಡಬ್ಬಿಗಳು ಬರಿದಾಗಿದ್ದರೆ, ಅಂಗಡಿಯ ಮುಂದೆ ತೋರಣದಂತೆ ತೂಗುವ ಬಣ್ಣದ ಪೊಟ್ಟಣಗಳತ್ತ ಅವರ ಮನಸ್ಸು ಹರಿಯುವುದು ಸಹಜ. ಆ ಕುರುಕಲಿನಲ್ಲಿರುವುದು ಬಹುಮಟ್ಟಿಗೆ ಹಿಟ್ಟು, ಎಣ್ಣೆ, ಉಪ್ಪು. ಅದು ಹಸಿವನ್ನು ಅಡಗಿಸಿ ರಾತ್ರಿಯ ಊಟವನ್ನೂ ಕೆಡಿಸುವುದಲ್ಲದೆ ಪೋಷಣೆಯನ್ನು ಕೊಡದು.

ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಅದರ ಬಾಗಿಲಿನಿಂದ 50 ಮೀಟರುಗಳೊಳಗಾಗಲಿ ಮಾರಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿತು. ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಮ್ಮ ರಾಜ್ಯ ಸರ್ಕಾರವು 2024ರ ಮಾರ್ಚಿನಲ್ಲಿ ನಿಷೇಧಿಸಿತು. ಇವೆರಡೂ ಸ್ತುತ್ಯವೇ ಸರಿ. ಆದರೆ 50 ಮೀಟರಿನ ಆಚೆಗೂ ಅಂಗಡಿಗಳುಂಟು. ಅಲ್ಲಿಂದ ಮುಂದೆ ಮಗುವಿನ ಹೊಣೆ ಮನೆಯವರದೇ.

ಆದುದರಿಂದ ಸಂಜೆಯ ತಿಂಡಿಯನ್ನು ಹಿಂದಿನ ರಾತ್ರಿಯೇ ನಿಶ್ಚಯಿಸುವುದು ನಮ್ಮ ಮನೆಯ ಪದ್ಧತಿಯಾಯಿತು. ನೆನೆಹಾಕಿದ ಹೆಸರುಕಾಳು ಮರುದಿನ ಕಾಯಿತುರಿಯೊಡನೆ ಉಸುಳಿಯಾಗುತ್ತದೆ. ಇಲ್ಲವಾದರೆ ಮೊಸರವಲಕ್ಕಿ, ಹುರಿಗಡಲೆ ಬೆರೆಸಿದ ಮಂಡಕ್ಕಿ, ಹಿತ್ತಲಿನ ಬಾಳೆಹಣ್ಣು ಇದ್ದೇ ಇರುತ್ತವೆ. ಶೇಂಗಾ, ಹೆಸರುಕಾಳುಗಳ ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು. ಪೇರಲೆಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚಿನ ‘ಸಿ’ ಜೀವಸತ್ವವುಂಟು. ಶೇಂಗಾದುಂಡೆ ಉತ್ತಮವಾದರೂ, ಬೆಲ್ಲವೂ ಸಕ್ಕರೆಯ ಜಾತಿಯದೇ ಆದುದರಿಂದ, ಒಂದು ಉಂಡೆಗೆ ನಿಲ್ಲಿಸುವುದು ಲೇಸು.

ಶಾಲೆಯಲ್ಲಿ ಮಗುವಿಗೆ ಏನು ದೊರೆಯಿತೆಂಬುದನ್ನು ಕೇಳಿ ತಿಳಿದು, ಅದಕ್ಕೆ ಪೂರಕವಾದುದನ್ನು ಕೊಡುವುದೂ ವಿವೇಕ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರು ಹಾಲು ದೊರೆಯುವಂತಾಯಿತು. ಅನಂತರ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ, 2024ರಿಂದ ರಾಗಿ ಮಾಲ್ಟೂ ಬಂದವು. ಹಾಲು ಕುಡಿದು ಬಂದ ಮಗುವಿಗೆ ಸಂಜೆ ಸಕ್ಕರೆ ಬೆರೆತ ಪಾನೀಯಕ್ಕಿಂತ ಹಣ್ಣು, ಕಾಳುಗಳೇ ಹಿತ.

ಇನ್ನೊಂದು ಪಾಠವನ್ನು ಮಕ್ಕಳೇ ನನಗೆ ಕಲಿಸಿದರು. ತಾವೇ ಸಿಪ್ಪೆ ತೆಗೆದು, ತಾವೇ ಉಂಡೆ ಕಟ್ಟಿದ ತಿಂಡಿಯನ್ನು ಅವರು ಎಂದೂ ತಿರಸ್ಕರಿಸರು. ಬಲಾತ್ಕಾರದಿಂದ ಬಾಯಿಗಿಟ್ಟುದನ್ನಾದರೋ ಒಲ್ಲರು. ಸಂಪೂರ್ಣ ನಿಷೇಧವು ಆಸೆಯನ್ನು ಬೆಳೆಸುತ್ತದೆಯೇ ಹೊರತು ಅಳಿಸದು. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಜಾತ್ರೆಗೆ ಹೋದಾಗ ಬೆಂಡು ಬತ್ತಾಸುಗಳನ್ನು ಮಕ್ಕಳು ಸಂತೋಷದಿಂದ ತಿನ್ನಲಿ. ಜಾತ್ರೆಯ ತಿನಿಸು ನಿತ್ಯದ ತಿನಿಸಾಗದಿದ್ದರೆ ಸಾಕು.

ನಮ್ಮೂರಿನ ಕೋಡಿಯ ಮಠವು ವೇದ ವ್ಯಾಕರಣಗಳ ಅಧ್ಯಯನಕ್ಕೂ, ದೀನರ ಅನ್ನದಾನಕ್ಕೂ, ರೋಗಿಗಳ ಚಿಕಿತ್ಸೆಗೂ ಆಶ್ರಯವಾಗಿತ್ತೆಂದು 1162ರ ಶಾಸನವು ಹೇಳುತ್ತದೆ. ವಿದ್ಯೆ, ಅನ್ನ, ಆರೋಗ್ಯ ಈ ಮೂರನ್ನೂ ಒಂದೇ ಧರ್ಮವೆಂದು ಬಗೆದ ಊರಿನಲ್ಲಿ, ಮಗುವಿನ ಪಾಠದ ಚಿಂತೆಯನ್ನು ಹೊತ್ತ ನಾವು ಅದರ ತಿಂಡಿಯ ಚಿಂತೆಯನ್ನು ಅಂಗಡಿಗೆ ಒಪ್ಪಿಸುವುದು ಯುಕ್ತವಲ್ಲ. ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ: ನಾಳೆ ಸಂಜೆ ಮಗು ಏನು ತಿನ್ನಬೇಕೆಂಬುದನ್ನು ಇಂದು ರಾತ್ರಿಯೇ ನಿಶ್ಚಯಿಸಿ, ಒಂದು ಹಿಡಿ ಕಾಳನ್ನು ನೆನೆಹಾಕಿ ಮಲಗಿರಿ.